ಅರಿಶಿನ ಕೆಂಪಾಗಿಸಿದ ಬಾವಿ

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಬೋರ್‌ವೆಲ್ ನೀರಿನ ವರದಿಗಳನ್ನು ಮೇಜಿನ ಮೇಲೆ ಹರಡಿ, "ಸಾರ್, ನಿಮ್ಮ ಕಾಲದಲ್ಲಿ ಇದನ್ನೆಲ್ಲ ಹೇಗೆ ಕಂಡುಹಿಡೀತಿದ್ರಿ?" ಎಂದು ಕೇಳುತ್ತಾರೆ. ಮೂಗಿನಿಂದ, ನಾಲಿಗೆಯಿಂದ ಮತ್ತು ಬಸ್ಸಿನಿಂದ ಎಂದರೆ ನಗುತ್ತಾರೆ. ನಾನೇನೂ ತಮಾಷೆಗೆ ಹೇಳುವುದಲ್ಲ. ಅವರ ಜೀಪಿನ ಹಿಂದೆ ಅರ್ಧ ಪ್ರಯೋಗಾಲಯವೇ ಹೊರಡುತ್ತದೆ. ನಾನು ಕೆಮಿಸ್ಟ್ ಆಗಿ ಸೇರಿದ ಅರವತ್ತರ ದಶಕದಲ್ಲಿ ನನ್ನ ಪ್ರಯೋಗಾಲಯವೆಲ್ಲ ಒಂದು ಖಾಕಿ ಚೀಲದಲ್ಲಿತ್ತು. ನಾಲ್ಕಾರು ಸೀಸೆ, ಹಗ್ಗ, ಹತ್ತಿ, ಹನಿ ಲೆಕ್ಕದಲ್ಲಿ ಅಳೆಯುವ ಒಂದು ಸಣ್ಣ ಗಾಜಿನ ಬ್ಯೂರೆಟ್ಟು, ಒಂದು ಜೊತೆ ಪಂಚೆ. ಜೊತೆಗೆ ಹೆಗಲಿಗೆ ತೂಗುಹಾಕಿದ ಹಿತ್ತಾಳೆಯ ಕೂಜ.

ಕೂಜದ ವಿಷಯ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದೆಲ್ಲ ಅದರ ಸುತ್ತಲೇ ನಡೆಯಿತು. ಕೆಲಸಕ್ಕೆ ಸೇರಿದ ದಿನ ನಮ್ಮ ಸಾಹೇಬರು ನನಗೆ ಮಾಡಿದ ಮೊದಲ ಉಪದೇಶ ಇದು: "ನೀರು ಪರೀಕ್ಷೆ ಮಾಡೋನು ಊರ ನೀರು ಕುಡೀಬಾರದು ಕಣಯ್ಯ. ನೀನೇ ಮಲಗಿಬಿಟ್ಟರೆ ಪರೀಕ್ಷೆ ಮಾಡೋರ್ಯಾರು?" ಮದುವೆಯಲ್ಲಿ ಮಾವನವರು ಉಡುಗೊರೆ ಕೊಟ್ಟಿದ್ದ ತಿರುಪಿನ ಮುಚ್ಚಳದ ಕೂಜ ಅಟ್ಟದ ಮೇಲಿತ್ತು. ಹೆಂಡತಿ ಅದನ್ನು ಹುಣಸೆಹಣ್ಣಿನಲ್ಲಿ ಬೆಳಗಿ, ಕಾಯಿಸಿ ಆರಿಸಿದ ನೀರು ತುಂಬಿ ಕೊಡುತ್ತಿದ್ದಳು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಬಾವಿಗಳನ್ನೆಲ್ಲ ನಾನು ಆ ಕೂಜ ಹೊತ್ತು ಸುತ್ತಿದವನು. ಊರಿನವರಿಗೆ "ನಿಮ್ಮ ಬಾವಿ ನೀರು ಕುಡಿಯಲು ಯೋಗ್ಯ" ಎಂದು ಬರೆದುಕೊಟ್ಟು, ಬಸ್ ನಿಲ್ದಾಣದಲ್ಲಿ ಕೂತು ಮನೆಯ ನೀರು ಕುಡಿಯುತ್ತಿದ್ದೆ.

ಆಗ ಈಗಿನಂತೆ ಮಾದರಿಗಳಿಗೆ ಐಸ್ ಪೆಟ್ಟಿಗೆ ಇರಲಿಲ್ಲ. ಬಾವಿಗೆ ಸೀಸೆ ಇಳಿಸಿ, ಬಿರಡೆ ಹಾಕಿ, ಬಟ್ಟೆ ಸುತ್ತಿ ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಬರಬೇಕು. ಒಮ್ಮೆ ನಂದಗುಡಿ ಕಡೆಯಿಂದ ಬರುವಾಗ ನಿದ್ದೆ ಹತ್ತಿತು. ಎದ್ದು ನೋಡಿದರೆ ಪಕ್ಕದಲ್ಲಿದ್ದ ದಪ್ಪ ಮೀಸೆಯ ಗೌಡರು ಸೀಸೆಯನ್ನು ಖಾಲಿ ಮಾಡಿ, ಅಂಗವಸ್ತ್ರದಲ್ಲಿ ಬಾಯಿ ಒರೆಸಿಕೊಳ್ಳುತ್ತಿದ್ದರು. "ಬೋ ಬಾಯಾರಿಕೆ ಆಗಿತ್ತು ಸ್ವಾಮಿ, ತಾವು ಮಲಗಿದ್ರಿ, ಎಬ್ಬಿಸೋದ್ಯಾಕೆ ಅಂತ," ಎಂದರು. ಕಚೇರಿಯಲ್ಲಿ ಸಾಹೇಬರು ಸ್ಯಾಂಪಲ್ ಎಲ್ಲಿ ಎಂದು ಕೇಳಿದರು.

"ಒಬ್ಬರು ಕುಡಿದುಬಿಟ್ಟರು ಸಾರ್."

ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಹೇಗಿದ್ದಾರೆ?"

"ಹೊಸಕೋಟೇಲಿ ಇಳಿಯುವಾಗ ಚೆನ್ನಾಗಿದ್ದರು ಸಾರ್."

"ಹಾಗಾದರೆ ಯೋಗ್ಯ ಅಂತ ಬರೆದುಬಿಡೋಣವೇ?" ಎಂದರು. ಮರುದಿನ ಬೆಳಗಿನ ಬಸ್ಸಿಗೆ ನನ್ನನ್ನು ಮತ್ತೆ ನಂದಗುಡಿಗೆ ಅಟ್ಟಿದರು.

ಸಾಹೇಬರು ಒಳ್ಳೆಯವರು. ಇಂಗ್ಲಿಷಿನಲ್ಲಿ ಗದರಿ ಕನ್ನಡದಲ್ಲಿ ಕ್ಷಮಿಸುವ ಪೈಕಿ. ಅವರಿಗಿದ್ದ ದೌರ್ಬಲ್ಯ ಒಂದೇ, ನೋಟೀಸು. ಕೊಳಕು ಕಂಡರೆ ನೋಟೀಸು, ನೊಣ ಕಂಡರೆ ನೋಟೀಸು. ಅವರು ಕೊಟ್ಟ ನೋಟೀಸನ್ನು ಯಾರಾದರೂ ಅಕ್ಷರಶಃ ಪಾಲಿಸಿದರೆ ಮಗನಿಗೆ ಮದುವೆಯಾದಷ್ಟು ಸಂತೋಷ ಪಡುತ್ತಿದ್ದರು. ದೊಡ್ಡಬಳ್ಳಾಪುರದಲ್ಲಿ ಹಾಗೆ ಪಾಲಿಸಿದವನೊಬ್ಬನಿದ್ದ.

ದೊಡ್ಡಬಳ್ಳಾಪುರದ ನೇಕಾರರ ಬೀದಿಯಿಂದ ನಮಗೆ ದೂರು ಬಂದದ್ದು ಒಂದು ಬೇಸಿಗೆಯಲ್ಲಿ. ಬೀದಿಯ ನಡುವೆ ಕಲ್ಲು ಕಟ್ಟಿದ ಸೇದುವ ಬಾವಿ. ಸುತ್ತಲಿನ ಬಾವಿಗಳೆಲ್ಲ ಸವುಳು, ಇದೊಂದೇ ಸಿಹಿ. ನಾನು ಹೋಗಿ ರಾಟೆಯ ಹತ್ತಿರ ನಿಂತದ್ದೇ ತಡ, ನಲವತ್ತೈದರ ಆಸುಪಾಸಿನ ಹೆಂಗಸೊಬ್ಬರು ಕೊಡವನ್ನು ಕಟ್ಟೆಯ ಮೇಲೆ ಕುಕ್ಕಿ, "ನೀವೇನಾ ನೀರಿನ ಇನ್‌ಸ್ಪೆಕ್ಟ್ರು?" ಎಂದರು.

"ಇನ್‌ಸ್ಪೆಕ್ಟರ್ ಅಲ್ಲಮ್ಮ, ಕೆಮಿಸ್ಟು."

"ಅದೇ ಇನ್‌ಸ್ಪೆಕ್ಟ್ರೇ, ಬನ್ನಿ ಮನೆಗೆ. ನೀರು ಆಮೇಲೆ ನೋಡೀರಂತೆ, ಮೊದ್ಲು ಸಾರು ನೋಡಿ."

ಅವರೇ ಲಕ್ಷ್ಮಮ್ಮ. ಗಂಡ ಒಳಗೆ ಗುಂಡಿಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದರು, ಮಾತೆಲ್ಲ ಹೆಂಡತಿಯ ಪಾಲಿಗೆ ಬಿಟ್ಟಿದ್ದರು. ಲಕ್ಷ್ಮಮ್ಮ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದರು. ಬೇಳೆ ಸಾರು. ಹಳದಿಯಾಗಿರಬೇಕಾದದ್ದು ಕೆಂಪಗೆ, ದೃಷ್ಟಿ ತೆಗೆಯುವ ಆರತಿ ತಟ್ಟೆಯ ನೀರಿನ ಹಾಗಿತ್ತು. ಹೊಸ್ತಿಲು ತೋರಿಸಿದರು. ಬೆಳಿಗ್ಗೆ ಸಾರಿಸಿ ಬಳಿದ ಅರಿಶಿನ ಒಣಗುತ್ತ ಅಂಚಿನಲ್ಲಿ ಕೆಂಪಾಗಿತ್ತು.

"ಯುಗಾದಿಗೆ ಬೀಗರು ಬಂದಿದ್ರು, ದೇವನಹಳ್ಳಿ ಹತ್ರದ ವಿಜಯಪುರದೋರು," ಎಂದರು. "ನಮ್ಮ ಪದ್ಮನ್ನ ಚೊಚ್ಚಲ ಬಾಣಂತನಕ್ಕೆ ಕರ್ಕೊಂಡ್ ಬರೋ ದಿನ ಗೊತ್ತು ಮಾಡೋಕೆ. ಎಲೆ ಹಾಕಿ ಸಾರು ಬಡಿಸ್ದೆ. ನಮ್ ಬೀಗಿತ್ತಿ ಪುಟ್ಟಗೌರಮ್ಮ ಎಲೆ ನೋಡಿದ್ರು, ನನ್ ಮುಖ ನೋಡಿದ್ರು, ಎದ್ದೇಬಿಟ್ರು. ಮಾಟ ಮಾಡ್ಸಿರೋ ಮನೆಗೆ ಬಸುರಿ ಸೊಸೇನ ಕಳಿಸಲ್ಲ ಅಂದ್ರು. ಅವಳು ಒಬ್ಬಳೇ ಮಗಳು ಸ್ವಾಮಿ ನಂಗೆ."

ಅಲ್ಲಿಯವರೆಗೆ ಜೋರಾಗಿದ್ದ ಧ್ವನಿ ಅಲ್ಲಿ ಸ್ವಲ್ಪ ಇಳಿಯಿತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗದಿದ್ದರೆ ತಾಯಿಗೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನನ್ನ ಹೆಂಡತಿಯೂ ಆ ವರ್ಷ ಹೆರಿಗೆಗೆಂದು ತವರಿಗೆ ಹೋಗಿಬಂದಿದ್ದಳು.

ಇದು ಮಾಟವಲ್ಲ, ನೀರಿಗೆ ಸೋಡಾ ಇಲ್ಲವೇ ಸುಣ್ಣದಂಥ ಕ್ಷಾರ ಸೇರಿದರೆ ಅರಿಶಿನ ಕೆಂಪಾಗುತ್ತದೆ ಎಂದೆ. ನಂಬಲಿಲ್ಲ. ಮನೆಯಲ್ಲಿದ್ದ ಬಟ್ಟೆ ಸೋಡಾ ತರಿಸಿ, ಕೂಜದಲ್ಲಿದ್ದ ನನ್ನ ಮನೆಯ ನೀರನ್ನೇ ಬಟ್ಟಲಿಗೆ ಬಗ್ಗಿಸಿ, ಅರಿಶಿನ ಕಲಸಿ, ಒಂದು ಚಿಟಿಕೆ ಸೋಡಾ ಹಾಕಿದೆ. ಫಕ್ಕನೆ ಕೆಂಪಾಯಿತು. ನಾನು ಗೆದ್ದವನಂತೆ ತಲೆಯೆತ್ತಿದೆ.

ಲಕ್ಷ್ಮಮ್ಮ ಎರಡು ಹೆಜ್ಜೆ ಹಿಂದೆ ಸರಿದು, "ಹಂಗಾದ್ರೆ ನಿಮಗೂ ಮಾಟ ಬರುತ್ತೆ ಅನ್ನಿ," ಎಂದರು. ಮಗ್ಗದ ಗುಂಡಿಯಿಂದ ಕಿಸಕ್ಕೆಂದು ನಗು ಕೇಳಿತು. ಅವರ ಯಜಮಾನರು ನನ್ನ ಮುಂದೆ ಬಾಯಿ ಬಿಟ್ಟದ್ದು ಆವತ್ತು ಅಷ್ಟೇ.

ಮಾದರಿ ಪರೀಕ್ಷೆ ಮಾಡಿದೆ. ನೀರು ಕಣ್ಣಿಗೆ ಸ್ಫಟಿಕ. ಆದರೆ ಕ್ಷಾರ ವಿಪರೀತ, ಸಬಕಾರದ, ಅಂದರೆ ಸೋಪಿನ, ಅಂಶವೂ ಇತ್ತು, ಕುದಿಸಿದರೆ ಮುಗ್ಗಲು ವಾಸನೆ. ಬೀದಿಯ ಮಕ್ಕಳಿಗೆ ಆಗಾಗ ಹೊಟ್ಟೆನೋವು, ವಾಂತಿ. ಸಬಕಾರ ಎಂಬ ಮಾತು ಕೇಳಿದ ಕೂಡಲೇ ನಮ್ಮ ಸಾಹೇಬರಿಗೆ ಕಾರಣ ಹೊಳೆದುಬಿಟ್ಟಿತು. ಬಾವಿಯ ಪಕ್ಕದಲ್ಲೇ ಒಗೆಯುವ ಕಲ್ಲು, ಅದರ ಬುಡದಲ್ಲಿ ನೀರು ಇಂಗುವ ಗುಂಡಿ. ಹೆಂಗಸರು ಬಟ್ಟೆ ಒಗೆದ ನೀರೇ ಬಾವಿಗೆ ಇಳಿಯುತ್ತಿದೆ! "ಇಲ್ಲಿ ಬಟ್ಟೆ ಒಗೆಯಕೂಡದು" ಎಂದು ಒಂದು ಬೋರ್ಡು ಹಾಕಿಸಿದರು. ಬೋರ್ಡು ನೆಟ್ಟ ಮರುದಿನ ಅದರ ಮೇಲೆ ಒಗೆದ ಲಂಗವೊಂದು ಒಣಗುತ್ತಿತ್ತು.

"ನಮ್ಮಜ್ಜಿ ಕಾಲ್ದಿಂದ ಇಲ್ಲೇ ಒಗೀತಾ ಇದೀವಿ," ಎಂದರು ಲಕ್ಷ್ಮಮ್ಮ. "ಆಗ ಕೆಂಪಾಗದಿದ್ದ ಸಾರು ಈಗ ಕೆಂಪಾಗುತ್ತಾ? ನಿಮ್ ಸಾಹೇಬ್ರ ಪಂಚೆ ಅವರ ಮನೇಲಿ ಆಕಾಶದಲ್ಲಿ ಒಗೀತಾರಾ?"

ಮಾತಿನಲ್ಲಿ ತಿರುಳಿತ್ತು. ಪರೀಕ್ಷಿಸಿಯೇ ಬಿಡೋಣ ಎಂದು ಸಾಹೇಬರನ್ನು ಒಪ್ಪಿಸಿದೆ. ಆಗಿನ ವಿಧಾನ ಸರಳ. ಅನುಮಾನವಿದ್ದ ಗುಂಡಿಗೆ ಬಣ್ಣದ ಪುಡಿ ಸುರಿದು ಬಾವಿಯಲ್ಲಿ ಆ ಬಣ್ಣ ಕಾಣುತ್ತದೆಯೇ ಎಂದು ಕಾಯುವುದು. ಕಚೇರಿಯಲ್ಲಿದ್ದ ಹಸಿರು ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿದೆ. ಸುತ್ತ ನಿಂತಿದ್ದವರೆಲ್ಲ ಹುಟ್ಟಿದಾಗಿನಿಂದ ಬಣ್ಣದಲ್ಲೇ ಕೈಯಾಡಿಸಿದವರು ಎನ್ನುವುದು ನನಗೆ ಮರೆತಿತ್ತು. ಒಬ್ಬರು ಬೆರಳು ಅದ್ದಿ ಉಜ್ಜಿ ನೋಡಿದರು. "ಈ ಬಣ್ಣ ನಿಲ್ಲಲ್ಲ ಸ್ವಾಮಿ, ಒಂದು ಒಗೆತಕ್ಕೆ ಹೋಗುತ್ತೆ," ಎಂದರು. ಇನ್ನೊಬ್ಬರು ಸೀರೆಯ ಅಂಚಿಗೆ ಇಂಥ ಗಿಳಿಹಸಿರು ಎಲ್ಲಿ ಸಿಗುತ್ತದೆ ಎಂದು ವಿಳಾಸ ಕೇಳಿದರು. ಪುಡಿ ಗುಂಡಿಗೆ ಬಿತ್ತು, ಬಾವಿಯಲ್ಲಿ ಏನೂ ಕಾಣಲಿಲ್ಲ. ಪುಡಿಯೇ ಹಳೆಯದು ಎಂದರು ಸಾಹೇಬರು.

ಹಾಗಾದರೆ ಉಪ್ಪು. ಗುಂಡಿಗೆ ಒಂದು ಮೂಟೆ ಉಪ್ಪಿನ ನೀರು ಸುರಿದು, ಬಾವಿಯ ನೀರಿನಲ್ಲಿ ಉಪ್ಪಿನಂಶ ಏರುತ್ತದೆಯೇ ಎಂದು ಬ್ಯೂರೆಟ್ಟಿನಲ್ಲಿ ನೋಡುವುದು. ಯಾರೂ ಹೆದರಬಾರದೆಂದು ಸೋಮವಾರ ಉಪ್ಪು ಸುರಿಯುತ್ತೇವೆ ಎಂದು ಬೀದಿಯಲ್ಲಿ ತಮಟೆ ಹೊಡೆಸಿದೆವು. ಮಂಗಳವಾರ ಬೆಳಿಗ್ಗೆ ನಾನು ಹೋದಾಗ ಬಾವಿಕಟ್ಟೆಯಲ್ಲಿ ಹಾಹಾಕಾರ. "ಬಾಯಿಗಿಡೋಕಾಗಲ್ಲ ಸ್ವಾಮಿ, ಸಮುದ್ರ ಆಗೋಗಿದೆ!" ಒಂದು ಮನೆಯವರು ಮಾಡಿದ ಹುಳಿಯನ್ನೆಲ್ಲ ಎಮ್ಮೆಗೆ ಹಾಕಿದ್ದರು. ಎಮ್ಮೆಯೂ ಮುಖ ತಿರುಗಿಸಿತಂತೆ.

ಉಪ್ಪಿನ ಮೂಟೆ ಇನ್ನೂ ಪುರಸಭೆಯ ಜಗಲಿಯ ಮೇಲೇ ಇತ್ತು. ಗಾಡಿ ಸಿಕ್ಕಿರಲಿಲ್ಲ.

ಎಲ್ಲರನ್ನೂ ಕರೆದುಕೊಂಡು ಹೋಗಿ ಮೂಟೆ ತೋರಿಸಿದೆ. ಹೊಲಿಗೆ ಸಹ ಬಿಚ್ಚಿರಲಿಲ್ಲ. ಲಕ್ಷ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ನಮ್ಮನೇಲಿ ನಾನೇ ಎರಡ್ ಸಲ ಹಾಕಿದ್ನೇನೋ ಬಿಡಿ," ಎಂದರು. ಮುಂದೆ ನಿಜವಾಗಿ ಉಪ್ಪು ಸುರಿದು ವಾರವಿಡೀ ನೋಡಿದರೂ ಬ್ಯೂರೆಟ್ಟಿನ ಅಳತೆ ಅಲ್ಲಾಡಲಿಲ್ಲ. ಒಗೆಯುವ ಕಲ್ಲು ನಿರಪರಾಧಿ ಎಂದು ತೀರ್ಮಾನವಾಯಿತು. ಹೆಂಗಸರೇ ಆ ಬೋರ್ಡನ್ನು ಕಿತ್ತು ಹಸುವಿನ ಕೊಟ್ಟಿಗೆಗೆ ಅಡ್ಡ ಇಟ್ಟರು.

ಸಾಹೇಬರು ಸುಮ್ಮನಿರುವವರಲ್ಲ. ಕಾರಣ ಸಿಗದಿದ್ದರೆ ಹೋಗಲಿ, ಬಾವಿಯನ್ನಾದರೂ ತೊಳೆಯೋಣ ಎಂದು ನೀರೆಲ್ಲ ಎತ್ತಿಸಿ, ಹೂಳು ತೆಗೆಸಿ, ಬ್ಲೀಚಿಂಗ್ ಪೌಡರ್ ಹಾಕಿಸಿದರು. ಆಳುಗಳು ಮೂರು ದಿನ ಸೇದಿದರು. ಹೊಸ ನೀರು ಬಂತು. ಲಕ್ಷ್ಮಮ್ಮ ಮಡಿಯುಟ್ಟು ಸಾರಿಗಿಟ್ಟರು. ಸಾರು ಮೊದಲಿಗಿಂತ ಕೆಂಪಾಯಿತು.

ಆ ದಿನ ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು. "ಪದ್ಮಂಗೆ ಆರು ತುಂಬ್ತು," ಎಂದಷ್ಟೇ ಹೇಳಿ ಒಳಗೆ ಹೋದರು. ನನಗೆ ನಿಜವಾಗಿ ಬೇಜಾರಾಯಿತು. ಬಸ್ಸಿನಲ್ಲಿ ಯೋಚಿಸಿದೆ. ಬಾವಿ ಬರಿದು ಮಾಡಿದರೆ ಸುತ್ತಲಿನ ನೆಲದಿಂದ ನೀರು ಜೋರಾಗಿ ಎಳೆದು ಬರುತ್ತದೆ. ಹಾಗೆ ಎಳೆದು ಬಂದದ್ದು ಹೆಚ್ಚು ಕೆಟ್ಟಿದೆ ಎಂದರೆ ಕೆಟ್ಟದ್ದರ ಮೂಲ ಹತ್ತಿರದಲ್ಲೇ, ನೆಲದ ಒಳಗೇ ಇದೆ. ಆದರೆ ಎಲ್ಲಿ?

ಈಗ ಬಣ್ಣದ ನಾರಾಯಣಪ್ಪನವರ ವಿಷಯ. ಬಾವಿಯಿಂದ ನಾಲ್ಕೈದು ಮನೆ ಆಚೆ ಅವರದು ಬಣ್ಣದ ಮನೆ. ಕೋರಾ, ಅಂದರೆ ಹಸಿ ರೇಷ್ಮೆಯ ಅಂಟು ಬಿಡಿಸಲು ಸಬಕಾರ, ಸೋಡಾ ಹಾಕಿ ಕೊಪ್ಪರಿಗೆಯಲ್ಲಿ ಬೇಯಿಸುವುದು, ಆಮೇಲೆ ಬಣ್ಣ ಕಟ್ಟುವುದು ಅವರ ಕಸುಬು. ನೀವು ಕೇಳುತ್ತೀರಿ, ಸೋಡಾ ಸಬಕಾರ ಅಲ್ಲೇ ಇದ್ದಮೇಲೆ ಮೊದಲೇ ಅಲ್ಲಿಗೆ ಯಾಕೆ ಹೋಗಲಿಲ್ಲ ಎಂದು. ಹೋಗಿದ್ದೆವು. ನಾರಾಯಣಪ್ಪನವರೇ ನಮ್ಮ ಸಾಹೇಬರ ನೋಟೀಸನ್ನು ಅಕ್ಷರಶಃ ಪಾಲಿಸಿದ ಪುಣ್ಯಾತ್ಮರು. ಅವರ ಮನೆಯ ಮುಂದಿನ ಚರಂಡಿ ಬೆಳಿಗ್ಗೆಯಿಂದ ಸಂಜೆಯವರೆಗೆ ಒಣಗಿಯೇ ಇರುತ್ತಿತ್ತು. ಸಾಹೇಬರು ಬೇರೆ ಬಣ್ಣದ ಮನೆಯವರನ್ನು ಅಲ್ಲಿಗೆ ಕರೆತಂದು, "ನೋಡಿ ಕಲಿಯಿರಿ. ಒಂದು ತೊಟ್ಟು ಬೀದಿಗೆ ಬಂದಿದೆಯೇ?" ಎಂದು ತೋರಿಸುತ್ತಿದ್ದರು. ನಾರಾಯಣಪ್ಪನವರು ಕೈಕಟ್ಟಿ ನಿಂತು ನಾಚುತ್ತಿದ್ದರು. ದೀಪದ ಬುಡದಲ್ಲೇ ಕತ್ತಲು.

ಬಣ್ಣದ ಮನೆಗೆ ಸೇದುವ ನೀರು ಅಷ್ಟಿರುವಾಗ ಹೊರಗೆ ಬರುವ ನೀರು ಎಲ್ಲಿ ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹುಡುಗರಿಗೆ ನಾನು ಹೇಳುವ ಬುದ್ಧಿಮಾತು ಇದೊಂದೇ. ನೀರು ಕೆಟ್ಟಿದೆ ಎಂದಾಗ ಎಲ್ಲರೂ ಕೊಳಕು ಇರುವ ಜಾಗ ಹುಡುಕುತ್ತಾರೆ. ಕೊಳಕು ಇರಲೇಬೇಕಾದ ಕಡೆ ಚೊಕ್ಕಟವಾಗಿದ್ದರೆ ಅಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ.

ನಾನೂ ಬುದ್ಧಿಯಿಂದ ಕೂತವನಲ್ಲ, ಬಿಸಿಲು ತಾಳದೆ ಅವರ ಜಗಲಿಯ ನೆರಳಿಗೆ ಹೋಗಿ ಕೂತದ್ದು. ನಾರಾಯಣಪ್ಪನವರು ಕಾಫಿ ಕೊಡಲು ಬಂದರು. ನಾನು ಎಂದಿನಂತೆ ಬೇಡವೆಂದು ಕೂಜ ತೆಗೆದೆ. ಬೆಳಗಿನ ನೀರು ಬಿಸಿಲಿಗೆ ಕಾದು ಬಿಸಿಯಾಗಿತ್ತು, ಚೆಲ್ಲಿಬಿಡೋಣ ಎಂದು ಎದ್ದು ಬೀದಿಯ ಕಡೆ ನಡೆದೆ.

"ಅಯ್ಯಯ್ಯೋ, ಬೀದಿಗೆ ಬೇಡಿ ಸ್ವಾಮಿ!" ಎಂದು ನಾರಾಯಣಪ್ಪನವರು ಓಡಿ ಬಂದರು. "ಸಾಹೇಬ್ರು ನೋಡಿದ್ರೆ ನನ್ ಕಥೆ ಮುಗೀತು. ಹಿತ್ತಲ ಬಾವಿಗೆ ಹಾಕಿ."

"ಹಿತ್ತಲಲ್ಲಿ ಬಾವಿ ಇದೆಯಾ?"

"ತಾತನ ಕಾಲದ್ದು, ಪಾಳು ಬಿದ್ದಿತ್ತು. ಮೇಲೆ ಚಪ್ಪಡಿ ಮುಚ್ಚಿ ತೂತು ಬಿಟ್ಟಿದೀನಿ. ಕೊಪ್ಪರಿಗೆ ನೀರೆಲ್ಲ ಅಲ್ಲಿಗೇ. ಎಷ್ಟ್ ಸುರಿದ್ರೂ ಕುಡೀತಾಳೆ ನಮ್ಮವ್ವ, ಒಂದು ದಿನ ತುಂಬ್ತು ಅಂದಿಲ್ಲ!"

ಹಿತ್ತಲಿಗೆ ಹೋಗಿ ಚಪ್ಪಡಿಯ ತೂತಿಗೆ ಮೂಗು ಇಟ್ಟೆ. ಬೀದಿಯ ಬಾವಿಯ ನೀರು ಕುದಿಸಿದಾಗ ಬಂದ ಅದೇ ಮುಗ್ಗಲು ವಾಸನೆ. ನೋಟೀಸು ಬಂದಾಗಿನಿಂದ ಎರಡು ವರ್ಷದ ಸೋಡಾ ನೀರನ್ನು ಆ ಮನುಷ್ಯ ಬಹಳ ವಿಧೇಯತೆಯಿಂದ, ಒಂದು ತೊಟ್ಟೂ ಚೆಲ್ಲದೆ, ಊರಿನ ಸಿಹಿನೀರಿನ ಸೆಲೆಗೆ ತಲುಪಿಸಿದ್ದರು. ಬಣ್ಣವನ್ನು ನೆಲ ಹಿಡಿದಿಟ್ಟುಕೊಂಡಿತ್ತು, ಸೋಡಾವನ್ನು ಬಿಟ್ಟುಕೊಟ್ಟಿತ್ತು.

ಆ ಪಾಳುಬಾವಿಗೂ ಉಪ್ಪು ಹಾಕಿಸಿ ನೋಡಿದೆ. ಈ ಸಲ ತಮಟೆ ಇಲ್ಲ, ನಾರಾಯಣಪ್ಪ ಮತ್ತು ನಾನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಕೆಲವೇ ದಿನಗಳಲ್ಲಿ ಬೀದಿಯ ಬಾವಿಯಲ್ಲಿ ಉಪ್ಪಿನಂಶ ಏರತೊಡಗಿತು. ಬಾವಿಕಟ್ಟೆಯಲ್ಲಿ ಒಬ್ಬರೂ ಉಪ್ಪು ಎನ್ನಲಿಲ್ಲ.

ವಿಷಯ ಬೀದಿಗೆ ತಿಳಿಸುವ ದಿನ ಬಂತು. ಬಾವಿಕಟ್ಟೆಯ ಹತ್ತಿರ ಜನ ಸೇರಿದರು. ನಾರಾಯಣಪ್ಪನವರು ಬೆವೆತು, ತಡವರಿಸಿ, ಕೊನೆಗೆ ಅಂದರು: "ನಾನೇನು ಬೇಕಂತ ಮಾಡಿದ್ನಾ? ಬಣ್ಣದ ನೀರು ಬೀದೀಲಿ ಹರಿದು ರಂಗೋಲಿ ಕೆಡ್ತದೆ ಅಂತ ಲಕ್ಷ್ಮಮ್ಮಕ್ಕನೇ ಹೆಂಗಸರನ್ನೆಲ್ಲ ಕರ್ಕೊಂಡು ಸಾಹೇಬ್ರ ಹತ್ರ ಹೋಗಿದ್ದು. ಒಂದು ತೊಟ್ಟು ಬೀದಿಗೆ ಬಿಡಕೂಡದು ಅಂತ ಸಾಹೇಬ್ರೂ ನೋಟೀಸು ಕೊಟ್ರು. ಬಿಡ್ಲಿಲ್ಲ. ಅದು ತಪ್ಪಾ?"

ಎಲ್ಲರೂ ಲಕ್ಷ್ಮಮ್ಮನ ಕಡೆ ತಿರುಗಿದರು. ಅವರ ಮುಖದಲ್ಲಿ ರಕ್ತ ಇರಲಿಲ್ಲ. ಮಗಳನ್ನು ಮನೆಗೆ ಬಾರದಂತೆ ಮಾಡಿದ್ದು ಯಾರ ಮಾಟ ಎಂದು ಅವರಿಗೆ ಆಗ ತಿಳಿಯಿತು. ನಾರಾಯಣಪ್ಪನವರನ್ನು ದುರುಗುಟ್ಟಿ ನೋಡಿದರು.

"ಅಲ್ಲಯ್ಯಾ ನಾರಾಯಣಪ್ಪ, ಬೀದೀಲಿ ಬರಬೇಡ ಅಂದ್ರೆ ನೆಲದೊಳಗೆ ನುಗ್ಗಿ ನಮ್ ಸಾರಿಗೇ ಬರೋದಾ?"

ಯಾರೋ ನಕ್ಕರು. ನಾರಾಯಣಪ್ಪನವರೂ ನಕ್ಕರು, ಕಣ್ಣಲ್ಲಿ ನೀರಿತ್ತು. ಲಕ್ಷ್ಮಮ್ಮ ನಗಲಿಲ್ಲ. "ಈಗೇನು ಮಾಡ್ಬೇಕು ಹೇಳಿ ಇನ್‌ಸ್ಪೆಕ್ಟ್ರೇ," ಎಂದರು.

ಸಾಹೇಬರಿಗೆ ಹೇಳುವುದು ಇದಕ್ಕಿಂತ ಕಷ್ಟವಾಗಿತ್ತು. ಎಲ್ಲ ಕೇಳಿಕೊಂಡು ಕನ್ನಡಕ ಒರೆಸಿದರು, ಹಾಕಿಕೊಂಡರು, ಮತ್ತೆ ಒರೆಸಿದರು. "ನೋಟೀಸಿನಲ್ಲಿ ತಪ್ಪಿಲ್ಲ ಕಣಯ್ಯ. ಅವನು ಅದನ್ನು ಪಾಲಿಸಿದ್ದು ತಪ್ಪು," ಎಂದರು. ಆದರೆ ಆ ವಾರವೇ ಓಡಾಡಿ ಡೀಸೆಲ್ ಪಂಪಿಗೆ ಮಂಜೂರು ಮಾಡಿಸಿದವರೂ ಅವರೇ. ನೋಟೀಸು ಬರೆಯುವ ಕೈಯಿಂದಲೇ ಒಂದು ಸಲ ಪಂಪಿನ ಹಗ್ಗವನ್ನೂ ಎಳೆದು, ಅಂಗಿಯೆಲ್ಲ ಎಣ್ಣೆ ಮಾಡಿಕೊಂಡರು.

ಪಂಪು ದೊಡ್ಡಬೆಳವಂಗಲದ ಒಬ್ಬ ರೈತರದು, ಬಾಡಿಗೆಗೆ ಎತ್ತಿನ ಗಾಡಿಯಲ್ಲಿ ಬಂತು. ಬೀದಿಯ ಬಾವಿಯನ್ನು ಮುಟ್ಟದೆ ಪಾಳುಬಾವಿಯನ್ನೇ ಎತ್ತಬೇಕು, ಕೆಟ್ಟ ನೀರನ್ನು ಅದು ಬಂದ ದಾರಿಯಲ್ಲೇ ಹಿಂದಕ್ಕೆ ಎಳೆಯಬೇಕು ಎಂಬುದು ನನ್ನ ಲೆಕ್ಕ. ಆದರೆ ಎತ್ತಿದ ನೀರು ಎಲ್ಲಿಗೆ? ಊರಾಚೆಯ ಬಂಜರಿಗೆ ಹೋಗಲು ಇದ್ದದ್ದು ಒಂದೇ ದಾರಿ, ಬೀದಿಯ ಚರಂಡಿ. ಲಕ್ಷ್ಮಮ್ಮನ ಬಾಗಿಲ ಮುಂದೆಯೇ.

ಮೊದಲ ದಿನ ಪಂಪು ಗುಡುಗಿತು. ಕೆಂಪು, ನೀಲಿ, ಹಸಿರು ಕೆಸರು, ಮೇಲೆ ಮೊಣಕಾಲೆತ್ತರ ನೊರೆ, ಅದರ ವಾಸನೆ ಬೇರೆ. ಆಗ ತಾನೇ ರಂಗೋಲಿ ಹಾಕಿ ಎದ್ದಿದ್ದರು ಲಕ್ಷ್ಮಮ್ಮ. ನಾರಾಯಣಪ್ಪನವರು ಮೂರು ಮನೆ ಆಚೆಯಿಂದಲೇ ಕೂಗಿದರು, "ಅಕ್ಕಾ, ರಂಗೋಲಿ ಕೆಡ್ತದೆ, ನಿಲ್ಲಿಸ್ಲಾ?"

"ಕೆಡ್ಲಿ, ಎಳೀರೋ!" ಎಂದರು ಲಕ್ಷ್ಮಮ್ಮ.

ಮಳೆಗಾಲ ಹಿಡಿಯುವವರೆಗೆ ಎಳೆದೆವು. ಮಧ್ಯೆ ಪಂಪು ಕೆಟ್ಟಿತು, ರಿಪೇರಿಯವನು ಮದುವೆಗೆ ಹೋದ, ಡೀಸೆಲ್ ಬರಲಿಲ್ಲ. ಪಂಪು ನಿಂತ ದಿನಗಳಲ್ಲಿ ನಾರಾಯಣಪ್ಪ ತಾವೇ ಹಗ್ಗ ಕೊಡ ಹಿಡಿದು ಸೇದಿದರು. ಬೇಯಿಸುವ ಕೆಲಸವನ್ನು ಊರಾಚೆ ಒಂದು ಬಯಲಿಗೆ ಸಾಗಿಸಿದ್ದರು, ಗಿರಾಕಿಗಳು ಅರ್ಧ ಕಳಚಿಕೊಂಡಿದ್ದರು. ಅದಕ್ಕೆ ಅವರು ಯಾರನ್ನೂ ದೂರಿದ್ದು ನಾನು ಕೇಳಲಿಲ್ಲ. ನೊರೆ ಹೋಯಿತು, ಬಣ್ಣ ತಿಳಿಯಾಯಿತು. ಆಮೇಲೆ ಪಾಳುಬಾವಿಯ ತಳದ ಹೂಳು ತೆಗೆಸಿ ಚರಂಡಿಗೆ ಕಲ್ಲು ಗಾರೆ ಕಟ್ಟಿಸಿದೆವು. ಮೊದಲ ಮಳೆಗಳು ನಮಗಿಂತ ಚೆನ್ನಾಗಿ ಕೆಲಸ ಮಾಡಿದವು. ಲಕ್ಷ್ಮಮ್ಮ ದಿನಾ ಬೆಳಿಗ್ಗೆ ಬಾವಿ ನೀರಿಗೆ ಅರಿಶಿನ ಹಾಕಿ ಕುದಿಸಿ, ನಾನು ಬಂದ ಕೂಡಲೇ ಬಟ್ಟಲು ತೋರಿಸುತ್ತಿದ್ದರು. ಕೆಂಪು ಕಿತ್ತಳೆಯಾಯಿತು, ಕಿತ್ತಳೆ ಹಳದಿಯ ಕಡೆ ತಿರುಗಿತು. ಅಂದಿನಿಂದ ನನ್ನ ಚೀಲದಲ್ಲೂ ಒಂದು ಅರಿಶಿನದ ಪೊಟ್ಟಣ ಸೇರಿತು, ನಿವೃತ್ತಿಯವರೆಗೂ ಇತ್ತು.

ವರದಿ ಬಂತು: ನೀರು ಕುಡಿಯಲು ಯೋಗ್ಯ. ಲಕ್ಷ್ಮಮ್ಮ ವಿಜಯಪುರಕ್ಕೆ ಹೇಳಿಕಳಿಸಿದರು. ಪದ್ಮಳಿಗೆ ಆಗ ಎಂಟು ತುಂಬುತ್ತಿತ್ತು. ಒಂದು ಮಧ್ಯಾಹ್ನ ಬೀಗಿತ್ತಿ ಪುಟ್ಟಗೌರಮ್ಮ ಒಬ್ಬರೇ ಬಂದಿಳಿದರು. ತೂಕದ ಹೆಂಗಸು, ಮೂಗುಬೊಟ್ಟಿನ ಕೆಳಗೆ ನಗು ಕಷ್ಟದಿಂದ ನುಸುಳಬೇಕು. ಎಲೆಯ ಮುಂದೆ ಕೂತು ಸಾರು ನೋಡಿದರು. ಹಳದಿ. ಲಕ್ಷ್ಮಮ್ಮ ನನ್ನನ್ನೂ ಕರೆಸಿದ್ದರು, ವರದಿ ಓದಿ ಹೇಳಿದೆ. ತಲೆಯಾಡಿಸಿದರು. ಅಷ್ಟರಲ್ಲಿ ಅವರ ಕಣ್ಣು ನನ್ನ ಹೆಗಲ ಕೂಜದ ಮೇಲೆ ಬಿತ್ತು.

"ಅದ್ರಲ್ಲಿ ಏನೈತೆ?"

"ನೀರಮ್ಮ."

"ಎಲ್ಲೀದು ನೀರು?"

ನಾನು ಲಕ್ಷ್ಮಮ್ಮನ ಕಡೆ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಅಷ್ಟು ತಿಂಗಳು ಅವರ ಮನೆಗೆ ಬಂದು ಹೋಗಿ, ಒಂದು ಲೋಟ ಮಜ್ಜಿಗೆಯನ್ನೂ ಮುಟ್ಟದೆ ಹೋಗಿದ್ದವನು ನಾನು. "ಮನೇದು," ಎಂದೆ.

"ಅಂಗಾದ್ರೆ ಈ ನೀರು ನನ್ ಸೊಸೆಗೆ ಯೋಗ್ಯ, ನಿಮಗಲ್ಲ," ಎಂದರು ಪುಟ್ಟಗೌರಮ್ಮ. ಎಲೆಯನ್ನು ಮಡಿಸಲು ಕೈ ಹಾಕಿದರು.

ಸಾಹೇಬರ ಉಪದೇಶ, ಹೆಂಡತಿಯ ಮುಖ, ಚಪ್ಪಡಿಯ ತೂತಿನ ವಾಸನೆ, ಎಲ್ಲ ಒಟ್ಟಿಗೇ ನೆನಪಾಯಿತು. ನನ್ನ ವರದಿ ಸರಿ ಎಂದು ನನಗೆ ಗೊತ್ತಿತ್ತು. ಗಂಟಲಿಗೆ ಗೊತ್ತಿರಲಿಲ್ಲ. ಲಕ್ಷ್ಮಮ್ಮ ಒಂದು ಲೋಟ ಬಾವಿ ನೀರು ತಂದು ಕೊಟ್ಟರು. ಕುಡಿದೆ. ಪುಟ್ಟಗೌರಮ್ಮ ನನ್ನ ಮುಖದಲ್ಲಿ ಏನು ಮೂಡುತ್ತದೆ ಎಂದು ಕಾದರು. ಸ್ವಲ್ಪ ಕಲ್ಲಿನ ರುಚಿ, ಸ್ವಲ್ಪ ಮಣ್ಣಿನ ತಂಪು, ಕೊನೆಯಲ್ಲಿ ಸಿಹಿ. ಇನ್ನೊಂದು ಲೋಟ ಕೇಳಿದೆ. ಅದು ನಾಟಕವಲ್ಲ, ನಿಜವಾಗಿಯೂ ಬಾಯಾರಿತ್ತು.

ಪುಟ್ಟಗೌರಮ್ಮ ಮಡಿಸುತ್ತಿದ್ದ ಎಲೆಯನ್ನು ಮತ್ತೆ ಬಿಡಿಸಿದರು. "ಇನ್ನೊಂದ್ ಸೌಟು ಸಾರು ಹಾಕಿ ಬೀಗ್ರೇ," ಎಂದರು.

ಪದ್ಮ ತವರಿಗೆ ಬಂದಳು. ಹೆಣ್ಣುಮಗು ಹುಟ್ಟಿತು. ಬಾಣಂತಿ ಮೊದಲ ಸಲ ಹೊರಗೆ ಬಂದು ಗಂಗೆಪೂಜೆ ಮಾಡಿ ನೀರು ಸೇದುವ ದಿನ ನನ್ನನ್ನೂ ಕರೆದಿದ್ದರು. ಸಾಹೇಬರು ಬಂದಿದ್ದರು, ಖಾಲಿ ಕೈಯಲ್ಲಿ, ನೋಟೀಸಿಲ್ಲದೆ. ನಾರಾಯಣಪ್ಪನವರು ಮಗುವಿಗೆಂದು ತಾವೇ ಬಣ್ಣ ಕಟ್ಟಿದ ಗಿಳಿಹಸಿರು ರೇಷ್ಮೆಯ ತುಂಡು ತಂದು, ಕೊಡಲೋ ಬೇಡವೋ ಎಂದು ಗುಂಪಿನ ಹಿಂದೆ ನಿಂತಿದ್ದರು. ಪದ್ಮ ಬಾವಿಕಟ್ಟೆಗೆ ಬಾವಿಯ ನೀರಿನಲ್ಲೇ ಕಲಸಿದ ಅರಿಶಿನ ಬಳಿದು, ಕುಂಕುಮ ಇಟ್ಟಳು. ಅಲ್ಲಿಗೆ ಪೂಜೆ ಮುಗಿಯಬೇಕಿತ್ತು. ಯಾರೂ ಕದಲಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಬಣ್ಣ ತಿರುಗುವುದು ಒಣಗುವಾಗ. ಬೀದಿಗೆ ಬೀದಿಯೇ ನಿಂತು ಒಂದು ಕಲ್ಲು ಒಣಗುವುದನ್ನು ನೋಡಿತು. ಮಗು ಪುಟ್ಟಗೌರಮ್ಮನ ತೋಳಿನಲ್ಲಿ ಒಂದು ಸಲ ಆಕಳಿಸಿತು.

ಅಂಚು ಒಣಗಿತು, ನಡುವೆ ಒಣಗಿತು. ಹಳದಿ ಹಳದಿಯಾಗಿಯೇ ಉಳಿಯಿತು.

ಲಕ್ಷ್ಮಮ್ಮ ಹೋಗಿ ನಾರಾಯಣಪ್ಪನವರ ಕೈಯಿಂದ ಹಸಿರು ತುಂಡನ್ನು ಕಿತ್ತುಕೊಂಡು ಮಗುವಿಗೆ ಹೊದಿಸಿದರು. ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮಗಳು ಸೇದಿದ ಮೊದಲ ಕೊಡವನ್ನು ಎತ್ತಿಕೊಂಡು ನೇರ ನನ್ನ ಮುಂದೆ ಬಂದು ನಿಂತರು.

"ಏನ್ ನೋಡ್ತಾ ನಿಂತಿದೀರಿ ಇನ್‌ಸ್ಪೆಕ್ಟ್ರೇ? ಆ ಮನೆ ನೀರು ಗಿಡಕ್ಕೆ ಚೆಲ್ಲಿ. ಕೂಜ ಕೊಡಿ ಇಲ್ಲಿ."